ಸೀಮೆಸುಣ್ಣ ಕೈಗೆ ಕೊಟ್ಟಾಗ

ಪ್ರಶ್ನೆ: ಹಾಸನ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಅಂತಿಮ ವರ್ಷದಲ್ಲಿದ್ದೇನೆ. ಎಂ.ಎಸ್ಸಿ. ಮಟ್ಟದ ಪ್ರವೇಶ ಪರೀಕ್ಷೆಯಾದ ಜ್ಯಾಮ್ ಬರೆದಿದ್ದೆ, ಬೆಂಗಳೂರಿನ ಐಐಎಸ್‌ಸಿಯಿಂದ ಭೌತವಿಜ್ಞಾನದ ಇಂಟಿಗ್ರೇಟೆಡ್ ಪಿಎಚ್‌ಡಿ (ಸ್ನಾತಕೋತ್ತರ ಪದವಿ, ಪಿಎಚ್‌ಡಿ ಎರಡೂ ಒಟ್ಟಿಗೆ) ಸಂದರ್ಶನಕ್ಕೆ ಕರೆ ಬಂದಿದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಇಂಗ್ಲಿಷಿನಲ್ಲಿ ತಡವರಿಸುತ್ತೇನೆ. ನನ್ನ ಪರಿಚಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದೇನೆ. ಇನ್ನೇನು ಮಾಡಲಿ?

ಉತ್ತರ: ಬಾಯಿಪಾಠವನ್ನು ಇವತ್ತೇ ಬಿಟ್ಟುಬಿಡಿ. ಇದು ನೌಕರಿಯ ಸಂದರ್ಶನದಂತಲ್ಲ. ಹೆಸರು, ಕಾಲೇಜು ಕೇಳಿದ ಬೆನ್ನಿಗೇ ಸಾಮಾನ್ಯವಾಗಿ ಬರುವ ಪ್ರಶ್ನೆ: ಯಾವ ವಿಷಯ ಇಷ್ಟ? ಅರ್ಧ ಸಂದರ್ಶನ ಇದರಲ್ಲೇ ಇದೆ. ಕೇಳಲು ಚೆಂದವೆಂದು ‘ಕ್ವಾಂಟಮ್’ ಎಂದವರು ಅದರ ಮೊದಮೊದಲ ಪಾಠವಾದ ‘ಡಬ್ಬಿಯೊಳಗಿನ ಕಣ’ದ ಹತ್ತಿರವೇ ಸಿಕ್ಕಿಬೀಳುತ್ತಾರೆ. ನೀವು ತಳಮುಟ್ಟ ಓದಿದ್ದು ಮೆಕ್ಯಾನಿಕ್ಸ್ ಆದರೆ ಸಂಕೋಚವಿಲ್ಲದೆ ಅದನ್ನೇ ಹೇಳಿ.

ಸೀಮೆಸುಣ್ಣ ಕೈಗೆ ಬರುತ್ತದೆ. ಲೋಲಕದ ಆವರ್ತ ಕಾಲ (ಒಮ್ಮೆ ತೂಗಿ ಮರಳಲು ಹಿಡಿಯುವ ಸಮಯ) ಬರೆಯಿರಿ ಎನ್ನುತ್ತಾರೆ ಅಂದುಕೊಳ್ಳಿ. ಸೂತ್ರ ಪಿಯುಸಿಯದು, ಬರೆದುಬಿಡುತ್ತೀರಿ. ಅವರ ಪ್ರಶ್ನೆಗಳು ಶುರುವಾಗುವುದೇ ಆಮೇಲೆ. ಗುಂಡಿನ ತೂಕ ಅದರಲ್ಲಿ ಏಕಿಲ್ಲ? ಚಂದ್ರನ ಮೇಲಾದರೆ? (ಗುರುತ್ವ ಆರನೇ ಒಂದು ಭಾಗವಾದರೂ ಕಾಲ ಆರು ಪಟ್ಟಾಗದು, ಆರರ ವರ್ಗಮೂಲದಷ್ಟು, ಸುಮಾರು ಎರಡೂವರೆ ಪಟ್ಟು.) 10 ಡಿಗ್ರಿಯ ಬದಲು 90 ಡಿಗ್ರಿಯಿಂದ ಬಿಟ್ಟರೆ? ಸೂತ್ರವನ್ನಷ್ಟೇ ಕಲಿತವರು ಇಲ್ಲಿ ನಿಂತುಬಿಡುತ್ತಾರೆ. 10ರಲ್ಲಿ ಸೂತ್ರ ತಪ್ಪುವುದು ಶೇ 0.2ರಷ್ಟು, 90ರಲ್ಲಿ ನಿಜವಾದ ಕಾಲ ಶೇ 18ರಷ್ಟು ಹೆಚ್ಚು. ಈ ಅಂಕಿ ನಿಮಗೆ ನೆನಪಿರಬೇಕಿಲ್ಲ. ಸೂತ್ರ ಪಡೆಯುವಾಗ ಸೈನ್ ಥೀಟಾ (ಥೀಟಾ ಎಂದರೆ ಲೋಲಕ ವಾಲಿದ ಕೋನ) ಇದ್ದಲ್ಲಿ ಬರೀ ಥೀಟಾ ಹಾಕಿದ ಸಾಲನ್ನು ತೋರಿಸಿ, ಸೈನ್ ಥೀಟಾ ಥೀಟಾಕ್ಕಿಂತ ಚಿಕ್ಕದು, ಹಾಗಾಗಿ ಹಿಂದಕ್ಕೆಳೆಯುವ ಬಲವೂ ಸೂತ್ರ ಅಂದುಕೊಂಡದ್ದಕ್ಕಿಂತ ಕಡಿಮೆ, ಅದಕ್ಕೇ ಕಾಲ ಹೆಚ್ಚು ಎಂದರೆ ಸಾಕು.

ಇಷ್ಟಕ್ಕೆ ಎಷ್ಟು ಇಂಗ್ಲಿಷ್ ಬೇಕು? ‘ಫೋರ್ಸ್ ಸ್ಮಾಲರ್, ಸೋ ಟೈಮ್ ಲಾಂಗರ್.’ ವ್ಯಾಕರಣ ತಿದ್ದಲು ಅಲ್ಲಿ ಯಾರೂ ಕೂತಿರುವುದಿಲ್ಲ. ನನಗೆ ಹೆದರಿಕೆ ನಿಮ್ಮ ಮೌನದ್ದು. ಬೋರ್ಡಿನ ಕಡೆ ತಿರುಗಿ ಒಳಗೊಳಗೇ ಲೆಕ್ಕ ಹಾಕುತ್ತಾ ನಿಂತರೆ ಎದುರಿಗಿರುವವರು ಸುಳಿವು ಕೊಡುವುದಾದರೂ ಹೇಗೆ? ಸುಳಿವು ಸಿಕ್ಕಿತೆಂದರೆ ಸೋತೆ ಎಂದು ಕಂಗಾಲಾಗಬೇಡಿ; ಅದನ್ನು ಹಿಡಿದು ಎಷ್ಟು ದೂರ ಹೋಗುತ್ತೀರಿ ಎಂಬುದೂ ಪರೀಕ್ಷೆಯೇ.

ಉಳಿದ ದಿನಗಳಲ್ಲಿ ಸಂಜೆ ಖಾಲಿ ತರಗತಿಯ ಬೋರ್ಡಿನಲ್ಲಿ, ಸ್ನೇಹಿತರೊಬ್ಬರ ಮುಂದೆ, ಬಾಯಿಬಿಟ್ಟು ಲೆಕ್ಕ ಬಿಡಿಸಿ. ಕಾಮರ್ಸ್ ಓದುವವರಾದರೆ ಇನ್ನೂ ಒಳ್ಳೆಯದು, ಮಾತುಮಾತಿಗೆ ‘ಯಾಕೆ?’ ಅನ್ನುತ್ತಾರೆ. ಗ್ರಾಫ್ ಬರೆಯುವುದನ್ನೂ ರೂಢಿಸಿಕೊಳ್ಳಿ. ಪ್ರಾಜೆಕ್ಟಿನ ಮಾತು ನೀವೇ ಕೈಯಾರೆ ಮಾಡಿದ್ದರೆ ಮಾತ್ರ ಎತ್ತಿ.

ಬಟ್ಟೆಯ ಚಿಂತೆ ಬೇಡ, ಒಗೆದು ಇಸ್ತ್ರಿ ಮಾಡಿದ್ದು ಸಾಕು. ಕರೆಪತ್ರದಲ್ಲಿ ಆನ್‌ಲೈನ್ ಎಂದಿದ್ದರೆ ಬಿಳಿ ಹಾಳೆ, ದಪ್ಪ ಮೊನೆಯ ಪೆನ್ನು ಪಕ್ಕದಲ್ಲಿರಲಿ. ತೆಳ್ಳಗೆ ಬರೆದದ್ದು ಕ್ಯಾಮೆರಾದಲ್ಲಿ ಕಾಣುವುದಿಲ್ಲ.