ಕೊನೆಯವರೆಗೂ ನೋಡದ ಸಿನಿಮಾ

ಈ ವಾರ ಬಂದ ಪತ್ರಗಳಲ್ಲಿ ಇದೊಂದನ್ನು ಓದಿದ ಮೇಲೆ ಮಿಕ್ಕವನ್ನು ತೆರೆಯಲು ಮನಸ್ಸಾಗಲಿಲ್ಲ. ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ. ಹಾಗಾಗಿ ಇವತ್ತು ಒಂದೇ ಪತ್ರ, ಒಂದೇ ಉತ್ತರ.

ತಂಗಿ, ನೀವು ಬರೆದಿದ್ದನ್ನು ಬೇರೆ ಓದುಗರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ನಿಮಗೆ 26 ವರ್ಷ. ಎಂಟು ತಿಂಗಳಿನಿಂದ ಇದ್ದಕ್ಕಿದ್ದಂತೆ ಎದೆ ಡವಗುಟ್ಟುತ್ತದೆ, ಬೆರಳುಗಳು ಜುಮ್ಮೆನ್ನುತ್ತವೆ, ಗಂಟಲು ಬಿಗಿದು ಜೀವ ಈಗಲೇ ಹೋಯಿತು ಅನ್ನಿಸುತ್ತದೆ. ಕೆಲಸವನ್ನು ಮನೆಗೇ ತಂದುಕೊಂಡಿದ್ದೀರಿ. ಎರಡು ವರ್ಷದಿಂದ ಜೊತೆಗಿರುವ ಗೆಳೆಯನಿಗೆ ಇದಾವುದೂ ಗೊತ್ತಿಲ್ಲ. ಹೋದ ತಿಂಗಳು ನೀವು, ಗೆಳೆಯ, ನಿಮ್ಮ ಅಕ್ಕ ಮೂವರೂ ಒಂದು ಸಣ್ಣ ಸ್ವತಂತ್ರ ಸಿನಿಮಾ ನೋಡಲು ಹೋದಿರಿ. ಆತಂಕದಿಂದ ಬಳಲುವ ಒಬ್ಬ ಹುಡುಗಿ, ಒಂದು ಬಾಡಿಗೆ ಕೋಣೆ, ತಪ್ಪಿಸಿಕೊಳ್ಳಲಾಗದ ಒಂದು ಸಂದರ್ಶನ, ಇಷ್ಟೇ ಕಥೆ. ಸಂದರ್ಶನಕ್ಕೆ ಹೊರಟವಳು ಮೆಟ್ಟಿಲ ತಿರುವಿನಲ್ಲಿ ಗೋಡೆಗೊರಗಿ ಕುಸಿಯುವ ದೃಶ್ಯ ಬಂದಾಗ ‘ಯಾರೋ ನನ್ನ ಮೈಯೊಳಗೆ ಕ್ಯಾಮೆರಾ ಇಟ್ಟಂತಾಯಿತು’ ಎಂದು ಬರೆದಿದ್ದೀರಿ. ಸಿನಿಮಾ ಮುಗಿದ ಮೇಲೆ ಗೆಳೆಯ ಹೇಳಿದ್ದು: ‘ಆ ಹುಡುಗಿಗೆ ಏನಾಗಿದೆ ಅಂತಲೇ ಗೊತ್ತಾಗಲಿಲ್ಲ. ಕಾರಣವೇ ಇಲ್ಲ. ಕೊನೆಗೂ ಏನೂ ಆಗೋದಿಲ್ಲ.’ ಅಂದಿನಿಂದ ನೀವು ಅವನ ಜೊತೆ ನೆಟ್ಟಗೆ ಮಾತಾಡಿಲ್ಲ.

ನಿಮ್ಮ ಪ್ರಶ್ನೆ ಎರಡು. ಇಂಥವನ ಹತ್ತಿರ ಹೇಳಿಕೊಳ್ಳಬೇಕೋ, ಅವನನ್ನು ಬಿಡಬೇಕೋ? ಆ ಹುಡುಗಿಗೆ ಕೊನೆಯವರೆಗೂ ವಾಸಿಯಾಗದಿದ್ದರೆ ನನಗೂ ಆಗುವುದಿಲ್ಲವೋ?

ಎರಡಕ್ಕೂ ಬರುತ್ತೇನೆ. ಅದಕ್ಕಿಂತ ಮೊದಲು, ನೀವು ಒಂದೇ ಸಾಲಿನಲ್ಲಿ ದಾಟಿಹೋದ ಸಂಗತಿಯೊಂದು ನನ್ನನ್ನು ಹಿಡಿದು ನಿಲ್ಲಿಸಿದೆ: ‘ಆ ದೃಶ್ಯ ಮುಗಿಯುವ ಮೊದಲೇ ಅಕ್ಕ ನನ್ನನ್ನು ಹೊರಗೆ ಕರೆದುಕೊಂಡು ಬಂದಳು. ನನಗೆ ತಲೆನೋವು ಅಂತ ಅವನ ಹತ್ತಿರ ಹೇಳಿದಳು.’ ಪತ್ರದ ತುದಿಯಲ್ಲಿ ಇನ್ನೊಂದು ಮಾತಿದೆ. ನಿಮಗೆ ಕೈ ನಡುಗುತ್ತದೆಂದು ಈ ಪತ್ರವನ್ನು ನೀವು ಹೇಳಿದಂತೆ ಅಕ್ಕನೇ ಬರೆದರಂತೆ. ನಿಮ್ಮ ಫೋನಿಗೆ ಅವರೇ ಉತ್ತರಿಸುತ್ತಾರೆ, ಡಾಕ್ಟರ ಬಳಿಗೂ ಅವರೊಬ್ಬರೇ ಹೋಗಿ ಕೇಳಿಕೊಂಡು ಬಂದರು, ಡಾಕ್ಟರು ‘ಅವರನ್ನೇ ಕರೆತನ್ನಿ’ ಅಂದರು, ಇನ್ನೂ ಹೋಗಿಲ್ಲ. ‘ಆ ಮಟ್ಟಿಗೆ ನಾನು ಅದೃಷ್ಟವಂತೆ’ ಎಂದು ಮುಗಿಸಿದ್ದೀರಿ.

ತಂಗಿ, ಇದು ಅದೃಷ್ಟವಲ್ಲ.

ನಿಮ್ಮ ಪತ್ರ ಓದಿದ ಮರುದಿನವೇ ನಾನು ಆ ಸಿನಿಮಾ ನೋಡಿದೆ. ಮೆಟ್ಟಿಲಿನ ದೃಶ್ಯವನ್ನು ಗಡಿಯಾರ ಹಿಡಿದು ನೋಡಿದೆ. ಎಂಟು ನಿಮಿಷ, ಒಂದೂ ಕಟ್ ಇಲ್ಲ. ಹಿನ್ನೆಲೆ ಸಂಗೀತವಿಲ್ಲ, ಅವಳ ಉಸಿರು ಮಾತ್ರ ಕಿವಿಯ ಪಕ್ಕದಲ್ಲೇ ಕೇಳುತ್ತದೆ, ಮಿಕ್ಕ ಸದ್ದೆಲ್ಲ ನೀರಿನಡಿಯಿಂದ ಬಂದ ಹಾಗೆ. ಐದನೇ ನಿಮಿಷದ ಹೊತ್ತಿಗೆ ನನಗೂ ಎದ್ದು ಹೋಗಬೇಕೆನ್ನಿಸಿತು. ನಿಮ್ಮನ್ನು ಅಕ್ಕ ಎಬ್ಬಿಸಿದ್ದು ಅಲ್ಲೇ ಇರಬೇಕು. ನೀವು ನೋಡದೆ ಉಳಿದದ್ದು ಮುಂದಿನ ಮೂರು ನಿಮಿಷ. ಆರನೇ ನಿಮಿಷದಲ್ಲಿ ಅವಳ ಉಸಿರು ಒಂದು ಸಲ ದೀರ್ಘವಾಗುತ್ತದೆ. ಆಮೇಲೆ ಮತ್ತೆ ಹೆಚ್ಚುತ್ತದೆ, ಮತ್ತೆ ಇಳಿಯುತ್ತದೆ. ಯಾರೂ ಬರುವುದಿಲ್ಲ, ಯಾರೂ ನೀರು ಕೊಡುವುದಿಲ್ಲ. ಎಂಟನೇ ನಿಮಿಷದಲ್ಲಿ ಅವಳು ಕೆಳಗೆ ಬಿದ್ದಿದ್ದ ಫೈಲು ಎತ್ತಿಕೊಂಡು ಅದರ ಧೂಳು ಒರೆಸುತ್ತಾಳೆ. ಆ ದೃಶ್ಯಕ್ಕೆ ಅಷ್ಟು ಉದ್ದ ಇರುವುದೇ ಆ ಧೂಳು ಒರೆಸುವ ಕೈಗಾಗಿ.

ನಡುವೆ ಒಂದು ಮಾತು. ಮನಸ್ಸು ನೊಂದ ಹೆಣ್ಣನ್ನು ತೆರೆಯ ಮೇಲೆ ಎಷ್ಟು ಕಾಲದಿಂದ ಎರಡೇ ಬಗೆಯಲ್ಲಿ ನೋಡುತ್ತ ಬಂದಿದ್ದೇವೆ! ಒಂದೋ ಅವಳ ಮೈಮೇಲೆ ಏನೋ ಬಂದಿರುತ್ತದೆ, ಇಲ್ಲವೇ ನಾಯಕ ಕೈ ಹಿಡಿದ ಕೂಡಲೇ ಎಲ್ಲ ಸರಿಹೋಗುತ್ತದೆ. ಕಾಸು ಕಡಿಮೆಯಿರುವ, ತಾರೆಯರಿಗೆ ಕಾಯಬೇಕಿಲ್ಲದ ಸಣ್ಣ ಸಿನಿಮಾಗಳಿಗೆ ಒಂದು ಸ್ವಾತಂತ್ರ್ಯವಿದೆ. ಸುಮ್ಮನೆ ಕುಳಿತು ಕಾಯುವ ಸ್ವಾತಂತ್ರ್ಯ. ಈ ನಿರ್ದೇಶಕರು ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಅವಳ ಬಾಲ್ಯದಲ್ಲಿ ಒಂದು ಘೋರ ಘಟನೆ ತುರುಕಿ ‘ಇಗೋ ಕಾರಣ’ ಎಂದು ಕೈಗೆ ಕೊಟ್ಟಿಲ್ಲ. ನಿಮ್ಮ ಗೆಳೆಯನಿಗೆ ಕೊರತೆಯಾಗಿ ಕಂಡದ್ದು ನನಗೆ ಸಿನಿಮಾದ ಪ್ರಾಮಾಣಿಕತೆಯಾಗಿ ಕಂಡಿತು. ಆತಂಕಕ್ಕೆ ಬಹಳ ಸಲ ಬೆರಳಿಟ್ಟು ತೋರಿಸುವಂಥ ಒಂದು ಕಾರಣ ಇರುವುದಿಲ್ಲ. ಹುಟ್ಟಿನಿಂದ ಬಂದ ಸ್ವಭಾವ, ಬೆಳೆದ ಬಗೆ, ದಣಿವು, ನಿದ್ದೆಗೇಡು ಎಲ್ಲ ಸೇರಿ ಒಂದು ದಿನ ಮೈ ಕೂಗಿಬಿಡುತ್ತದೆ.

ಮೈ ಕೂಗಿದಾಗ ಒಳಗೆ ಏನಾಗುತ್ತದೆ ಅನ್ನುವುದು ನಿಮಗೆ ಗೊತ್ತಿರಲೇಬೇಕು. ಅಪಾಯ ಎದುರಾದಾಗ ಓಡಲು ಅಥವಾ ಹೋರಾಡಲು ಬೇಕಾದ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ನುಗ್ಗುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ವೇಗವಾಗುತ್ತದೆ. ಓಟವಿಲ್ಲದೆ ಬರೀ ಉಸಿರಷ್ಟೇ ವೇಗವಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ನಿಮ್ಮ ಬೆರಳು ಜುಮ್ಮೆನ್ನುವುದಕ್ಕೂ ತಲೆ ಹಗುರಾಗುವುದಕ್ಕೂ ಅದೇ ಕಾರಣ. ಇಷ್ಟರಿಂದ ಯಾರೂ ಸಾಯುವುದಿಲ್ಲ. ಆದರೆ ‘ನಾನು ಸಾಯುತ್ತಿದ್ದೇನೆ’ ಎಂದು ಮನಸ್ಸು ಅರ್ಥ ಮಾಡಿಕೊಂಡ ಕೂಡಲೇ ಇನ್ನಷ್ಟು ಅಡ್ರಿನಲಿನ್, ಇನ್ನಷ್ಟು ಬಡಿತ, ಇನ್ನಷ್ಟು ಭಯ. ಹಗ್ಗ ಕಂಡು ಹಾವೆಂದು ಹೆದರಿದವರಿಗೆ ಹೆದರಿಕೆಯಂತೂ ನಿಜವೇ ತಾನೇ? ಬ್ರಿಟನ್ನಿನ ಮನಃಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಈ ಸುಳಿಯನ್ನು 1986ರಲ್ಲಿ ಸ್ಪಷ್ಟವಾಗಿ ಬರೆದಿಟ್ಟರು. ಹೀಗೆ ಇದ್ದಕ್ಕಿದ್ದಂತೆ ಎರಗುವ ಭಯಕ್ಕೆ ಪ್ಯಾನಿಕ್ ಅನ್ನುತ್ತಾರೆ. ಅದಕ್ಕೆ ಇವತ್ತು ಕೊಡುವ ಮಾತಿನ ಚಿಕಿತ್ಸೆಯ ದೊಡ್ಡ ಪಾಲು ಆ ತಿಳಿವಳಿಕೆಯ ಮೇಲೆ ನಿಂತಿದೆ.

ಇಲ್ಲಿ ಗಮನಿಸಬೇಕಾದ್ದು ಹೊತ್ತಿನ ಲೆಕ್ಕ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಯಾರಾದರೂ ಕೈ ಹಿಡಿದರೂ ಇಳಿಯುತ್ತದೆ, ಹಿಡಿಯದಿದ್ದರೂ ಇಳಿಯುತ್ತದೆ. ಈ ಎಂಟು ತಿಂಗಳಲ್ಲಿ ನೀವು ಅದು ಇಳಿದದ್ದನ್ನು ಒಂದು ಸಲವಾದರೂ ನೋಡಿದ್ದೀರಾ? ನೋಡಿರಲಾರಿರಿ. ಐದನೇ ನಿಮಿಷಕ್ಕೆ ಅಕ್ಕ ಬಂದಿರುತ್ತಾರೆ. ಹೊರಗೆ ಕರೆತರುತ್ತಾರೆ, ಫೋನು ಕಸಿದುಕೊಳ್ಳುತ್ತಾರೆ, ತಲೆನೋವು ಎಂದು ಹೇಳುತ್ತಾರೆ. ನಿಮಗೆ ಹಾಯೆನಿಸುತ್ತದೆ. ಆ ಹಾಯೆನಿಸಿದ ಕ್ಷಣದಲ್ಲೇ ನಿಮ್ಮ ಮೈ ಒಂದು ಪಾಠ ಕಲಿಯುತ್ತದೆ: ಓಡಿಬಂದದ್ದರಿಂದ ಬದುಕಿದೆ, ಅಕ್ಕ ಇದ್ದದ್ದರಿಂದ ಬದುಕಿದೆ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ. ಮೊದಲು ಫೋನು ಹೋಯಿತು, ಆಮೇಲೆ ಕಚೇರಿ, ಈಗ ಒಂದು ಪತ್ರ ಬರೆಯುವುದೂ ಹೋಗಿದೆ.

ಅಕ್ಕ, ಈ ಉತ್ತರವನ್ನೂ ನೀವೇ ಅವರಿಗೆ ಓದಿ ಹೇಳುತ್ತಿರುತ್ತೀರಿ ಎಂದು ಗೊತ್ತು. ಹಾಗಾಗಿ ನಿಮ್ಮ ಹತ್ತಿರವೇ ನೇರವಾಗಿ ಮಾತಾಡುತ್ತೇನೆ. ನಿಮ್ಮ ಪ್ರೀತಿಯನ್ನು ನಾನು ಅನುಮಾನಿಸುತ್ತಿಲ್ಲ. ಆದರೆ ಈ ಪತ್ರದಲ್ಲಿ ನನಗೆ ಸಿಟ್ಟು ಬಂದದ್ದು ನಿಮ್ಮ ಮೇಲೆ. ಡಾಕ್ಟರು ‘ಅವರನ್ನೇ ಕರೆತನ್ನಿ’ ಎಂದ ಮೇಲೂ ತಂಗಿ ಹೋಗದೆ ಇರುವುದಕ್ಕೆ ದಾರಿ ಮಾಡಿಕೊಟ್ಟವರು ನೀವು. ಅವಳ ಗೆಳೆಯನಿಗೆ ಸುಳ್ಳು ಹೇಳಿದವರು ನೀವು. ಅವಳಿಗಾಗಿ ಬಾಯಿ ತೆರೆಯುತ್ತ ತೆರೆಯುತ್ತ ಅವಳ ದನಿಯನ್ನೇ ತೆಗೆದುಕೊಂಡಿದ್ದೀರಿ.

ಇಷ್ಟು ಕಠಿಣವಾಗಿ ಹೇಳಲು ನನಗೆ ಒಂದು ಹಕ್ಕಿದೆ. ನಾನೂ ಇಂಥ ಅಕ್ಕನೇ ಆಗಿದ್ದೆ. ನನ್ನ ತಮ್ಮನಿಗೆ ನಾಲ್ಕು ವರ್ಷ ನಾನೇ ಬಾಯಿ, ನಾನೇ ಕಾಲು. ಅವನ ಅರ್ಜಿ ನಾನು ತುಂಬಿದೆ, ಅವನ ಗೆಳೆಯರಿಗೆ ಅವನಿಗೆ ಜ್ವರವೆಂದೆ, ಬಾಗಿಲು ಯಾರು ತಟ್ಟಿದರೂ ನಾನೇ ಎದ್ದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದ್ದೆ. ಕೊನೆಗೆ ಅವನನ್ನು ನೋಡಿದ ಮನೋವೈದ್ಯೆ ನನ್ನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು. ಮುಕ್ಕಾಲು ಗಂಟೆ ನಾನು ಅಳುತ್ತ ಕುಳಿತಿದ್ದೆ. ಒಳಗಿನಿಂದ ಅವನ ದನಿ ಕೇಳಿಸುತ್ತಿತ್ತು. ಅವನು ಒಬ್ಬ ಅಪರಿಚಿತರ ಜೊತೆ ಅಷ್ಟು ಹೊತ್ತು ಮಾತಾಡಬಲ್ಲ ಅನ್ನುವುದೇ ನನಗೆ ಮರೆತುಹೋಗಿತ್ತು. ಮನೆಯವರು ಹೀಗೆ ಆತಂಕಕ್ಕೆ ತಕ್ಕಂತೆ ಬಾಗುತ್ತ ಹೋಗುವುದಕ್ಕೆ ಚಿಕಿತ್ಸಕರು ‘ಫ್ಯಾಮಿಲಿ ಅಕಾಮಡೇಶನ್’ ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಹೀಗೆ ಬಾಗಿದಷ್ಟೂ ಆತಂಕ ಬಲಿಯುತ್ತದೆ. ನಾಳೆಯಿಂದ ಎಲ್ಲವನ್ನೂ ಒಟ್ಟಿಗೇ ಕೈಬಿಡಿ ಎನ್ನುತ್ತಿಲ್ಲ, ಅದು ಕ್ರೌರ್ಯವಾಗುತ್ತದೆ. ಯಾವುದನ್ನು ಯಾವಾಗ ಬಿಡಬೇಕೆಂದು ಚಿಕಿತ್ಸಕರೊಂದಿಗೆ ಕೂತು ಗೊತ್ತು ಮಾಡಿಕೊಳ್ಳಿ. ತಂಗಿ ಸಾಯುವ ಮಾತಾಡಿದರೆ ಮಾತ್ರ ಈ ಯಾವ ಲೆಕ್ಕವೂ ಬೇಡ, ಆ ಕ್ಷಣವೇ ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ತಂಗಿ, ಈಗ ಗೆಳೆಯನ ವಿಷಯ. ಅವನ ಬಗ್ಗೆ ನೀವು ಒಂದೂವರೆ ಪುಟ ಬರೆದಿದ್ದೀರಿ, ನನಗೆ ನಾಲ್ಕು ಸಾಲು ಸಾಕು. ಅವನು ತೆರೆಯ ಮೇಲಿನ ಹುಡುಗಿಯ ಬಗ್ಗೆ ಒಂದು ತಿಳಿಗೇಡಿ ಮಾತಾಡಿದ. ನಿಮ್ಮ ಬಗ್ಗೆ ಆಡಲಿಲ್ಲ, ಯಾಕೆಂದರೆ ಪಕ್ಕದ ಕುರ್ಚಿಯಲ್ಲಿದ್ದವರಿಗೆ ತಲೆನೋವೆಂದೇ ಅವನು ನಂಬಿದ್ದ. ತಿಳಿಸದೆ ಇದ್ದವನಿಗೆ ತಿಳಿಯಲಿಲ್ಲವೆಂದು ಶಿಕ್ಷೆ ಕೊಡಬೇಡಿ. ಹೇಳಿದ ಮೇಲೂ ‘ಕಾರಣವೇ ಇಲ್ಲವಲ್ಲ’ ಎಂದರೆ ಆಗ ಬಿಡುವ ಮಾತು. ಹೇಳುವುದಾದರೆ ನೀವೇ ಹೇಳಬೇಕು, ಅಕ್ಕ ಅಲ್ಲ.

ವಾಸಿಯಾಗುತ್ತದೋ ಇಲ್ಲವೋ ಅನ್ನುವ ಪ್ರಶ್ನೆ ನಿಮ್ಮನ್ನು ಹೆಚ್ಚು ಕಾಡುತ್ತಿದೆ. ಕೊನೆಗೂ ಏನೂ ಆಗೋದಿಲ್ಲ ಎಂದು ಹೇಳಿದವನು ಗೆಳೆಯ, ನೀವು ನೋಡಿಲ್ಲ. ನಾನು ನೋಡಿದ್ದನ್ನು ಹೇಳುತ್ತೇನೆ. ಕೊನೆಯಲ್ಲಿ ಅವಳು ಅದೇ ಮೆಟ್ಟಿಲನ್ನು ಮತ್ತೆ ಇಳಿಯುತ್ತಾಳೆ. ಕೈ ಕಂಬಿಯನ್ನು ಬಿಡುವುದಿಲ್ಲ, ಉಸಿರು ಇನ್ನೂ ಬಿಗಿಯಾಗಿದೆ. ಆ ತಿರುವಿನಲ್ಲಿ ಒಂದು ಕ್ಷಣ ನಿಲ್ಲುತ್ತಾಳೆ, ನಾವೂ ಉಸಿರು ಹಿಡಿಯುತ್ತೇವೆ, ಅವಳು ದಾಟಿ ಹೋಗುತ್ತಾಳೆ. ಸಂದರ್ಶನ ಏನಾಯಿತೆಂದು ತೋರಿಸುವುದಿಲ್ಲ. ‘ಭಯ ಹೋದ ಮೇಲೆ ಇಳಿಯುತ್ತೇನೆ’ ಎಂದು ಕಾದಿದ್ದರೆ ಅವಳು ಇನ್ನೂ ಕೋಣೆಯಲ್ಲೇ ಇರುತ್ತಿದ್ದಳು. ನಿಮ್ಮ ಗೆಳೆಯ ಅದಕ್ಕೆ ‘ಏನೂ ಆಗೋದಿಲ್ಲ’ ಅಂದ.

ಸಿನಿಮಾ ನಿಮ್ಮನ್ನು ನಿಮಗೆ ತೋರಿಸಿತು. ಚಿಕಿತ್ಸೆ ಅದರಿಂದಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ 30 ಕೋಟಿಗೂ ಹೆಚ್ಚು ಜನ ಆತಂಕದ ಕಾಯಿಲೆಯಿಂದ ಬಳಲುತ್ತಿದ್ದರು. ಅಂಥವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಗುತ್ತದೆ. ಒಳ್ಳೆಯ ಚಿಕಿತ್ಸೆ ಇದ್ದೂ ಹೀಗಾಗಿದೆಯಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತದೆ. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಕಲಿಸುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ. ಬೇಕಾದವರಿಗೆ ಔಷಧವೂ ಇದೆ. ಅದು ಕೆಲಸ ಶುರುಮಾಡಲು ಕೆಲವು ವಾರ ಹಿಡಿಯುತ್ತದೆ, ಎರಡು ದಿನ ನುಂಗಿ ನಿಲ್ಲಿಸುವಂಥದ್ದಲ್ಲ. ಥೈರಾಯ್ಡ್ ಹೆಚ್ಚಾದರೂ ಹೀಗೇ ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ; ಆದ್ದರಿಂದ ರಕ್ತ ಪರೀಕ್ಷೆಯೂ ಬೇಕಾಗಬಹುದು. ಇವುಗಳಲ್ಲಿ ಯಾವುದು ನಿಮಗೆ ಅನ್ನುವುದನ್ನು ನಾನು ಹೇಳಲಾರೆ, ನಿಮ್ಮನ್ನು ಕಣ್ಣಾರೆ ನೋಡಿದ ಡಾಕ್ಟರು ಹೇಳಬೇಕು. ಎಂಟು ತಿಂಗಳಲ್ಲಿ ಒಬ್ಬ ಡಾಕ್ಟರೂ ನಿಮ್ಮನ್ನು ನೋಡಿಲ್ಲ!

ಈ ಅಂಕಣದಲ್ಲಿ ನಾನು ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಕಷ್ಟದ ಮಾತನ್ನು ಮೆಸೇಜಿನಲ್ಲಿ ಕಳಿಸಬಾರದು, ದನಿಯಲ್ಲಿ ಹೇಳಬೇಕು. ನೀವು ಮಾಡಬೇಕಾದ್ದೂ ಒಂದೇ. ಆ ಡಾಕ್ಟರ ಕ್ಲಿನಿಕ್ಕಿಗೆ ನೀವೇ ಫೋನ್ ಮಾಡಿ. ಅಕ್ಕ ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಲಿ. ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ: ನನ್ನ ಹೆಸರು ಇದು, ನನಗೆ ಪ್ಯಾನಿಕ್ ಅಟ್ಯಾಕ್ ಆಗುತ್ತಿದೆ ಅನ್ನಿಸುತ್ತದೆ, ಯಾವಾಗ ಬರಲಿ. ಎದೆ ಹೊಡೆದುಕೊಳ್ಳುತ್ತದೆ. ಹೊಡೆದುಕೊಳ್ಳಲಿ. ಬಾಯಿ ಒಣಗಿದರೆ ‘ಒಂದು ನಿಮಿಷ ಇರಿ’ ಎನ್ನಿ. ಆದರೆ ಫೋನ್ ಇಡಬೇಡಿ, ಅಕ್ಕನನ್ನು ಕರೆಯಬೇಡಿ. ಆರನೇ ನಿಮಿಷದವರೆಗೆ ಕಾಯಿರಿ. ಅಪಾಯಿಂಟ್‌ಮೆಂಟ್ ದಿನ ಅಕ್ಕ ಬಾಗಿಲವರೆಗೆ ಬರಲಿ, ಒಳಗೆ ನೀವೊಬ್ಬರೇ ಹೋಗಿ.

ಗೆಳೆಯ, ಕೆಲಸ, ಮುಂದಿನದೆಲ್ಲ ಆಮೇಲೆ. ಫೋನ್ ಮಾಡಿದ ಮೇಲೆ ನನಗೊಂದು ಸಾಲು ಬರೆಯಿರಿ, ಈ ಸಲ ನಿಮ್ಮ ಕೈಯಲ್ಲೇ. ನಡುಗಿದ ಅಕ್ಷರ ಓದಿ ನನಗೆ ಅಭ್ಯಾಸವಿದೆ.