ಎಕ್ಸಾರ್ಸಿಸ್ಟ್ ಸಿನಿಮಾ ಈಗ ನೋಡಿದರೂ ಭಯ ಆಗುತ್ತಾ? ಮುಂದಿನ ಭಾಗಗಳನ್ನೂ ನೋಡಬೇಕಾ?

ಭಯ ಆಗುತ್ತದೆ, ಆದರೆ ನೀವು ಅಂದುಕೊಂಡ ಜಾಗದಲ್ಲಲ್ಲ. 1973ರಲ್ಲಿ ಜನರನ್ನು ಬೆಚ್ಚಿಬೀಳಿಸಿದ, ದೆವ್ವ ಹಿಡಿದ ಹುಡುಗಿಯ ತಲೆ ಪೂರ್ತಿ ಹಿಂದಕ್ಕೆ ತಿರುಗುವುದು, ಹಸಿರು ವಾಂತಿ ಎಲ್ಲಾ ಈಗ ಮೀಮ್ ಆಗಿ ಸವೆದುಹೋಗಿವೆ. ಈ ಸಲ ನನ್ನ ಮೈ ಜುಮ್ಮೆಂದಿದ್ದು ಆಸ್ಪತ್ರೆಯಲ್ಲಿ. ಹನ್ನೆರಡು ವರ್ಷದ ರೀಗನ್‌ಗೆ ಏನಾಗಿದೆ ಅಂತ ಡಾಕ್ಟರುಗಳು ಕುತ್ತಿಗೆಗೆ ಸೂಜಿ ಚುಚ್ಚಿ, ಎಕ್ಸ್‌ರೇ ಮೇಲೆ ಎಕ್ಸ್‌ರೇ ತೆಗೆದು, ಕೊನೆಗೆ ಕೈಚೆಲ್ಲಿ, ದೇವರನ್ನೇ ನಂಬದ ತಾಯಿಗೆ ದೆವ್ವ ಬಿಡಿಸುವ ಮಾತು ಹೇಳುತ್ತಾರಲ್ಲ, ಅಲ್ಲಿ. ಅಂದ ಹಾಗೆ, ಕ್ಲೈಮ್ಯಾಕ್ಸಿನಲ್ಲಿ ಪಾದ್ರಿಗಳ ಬಾಯಿಂದ ಬರುವ ಹಬೆ ನಿಜವಾದದ್ದು. ನಿರ್ದೇಶಕ ಫ್ರೀಡ್ಕಿನ್ ಆ ಕೋಣೆಯ ಸೆಟ್ಟನ್ನೇ ಫ್ರಿಜ್ಜಿನ ಹಾಗೆ ತಣ್ಣಗೆ ಮಾಡಿಸಿದ್ದರು.

1977ರ ಎರಡನೇ ಭಾಗ ಬಿಟ್ಟುಬಿಡಿ. ಮಿಡತೆ, ಹಿಪ್ನಾಟಿಸಂ ಯಂತ್ರ ಅಂತ ಏನೇನೋ ಇದೆ. 1990ರ ಮೂರನೆಯದನ್ನು ಮಾತ್ರ ತಪ್ಪಿಸಬೇಡಿ. ಮೂಲ ಕಾದಂಬರಿ ಬರೆದ ಬ್ಲ್ಯಾಟಿಯೇ ಅದರ ನಿರ್ದೇಶಕ. ಆಸ್ಪತ್ರೆಯ ಕಾರಿಡಾರ್ ದೃಶ್ಯದಲ್ಲಿ ಕ್ಯಾಮೆರಾ ದೂರದಲ್ಲಿ ಅಲ್ಲಾಡದೆ ನಿಂತಿರುತ್ತದೆ, ನರ್ಸ್ ಸುಮ್ನೆ ಓಡಾಡುತ್ತಿರುತ್ತಾಳೆ, ಆಮೇಲೆ... ನೀವೇ ನೋಡಿ. ಕೊನೆಯ ದೆವ್ವ ಬಿಡಿಸುವ ಗಲಾಟೆ ಸ್ಟುಡಿಯೋ ಒತ್ತಾಯಕ್ಕೆ ಸೇರಿಸಿದ್ದು, ಅದು ಗೊತ್ತೂ ಆಗುತ್ತದೆ.

ಪ್ರೀಕ್ವೆಲ್‌ಗಳದು, ಅಂದರೆ ಮೊದಲ ಸಿನಿಮಾಗೂ ಹಿಂದಿನ ಕಥೆ ಹೇಳುವ ಭಾಗಗಳದು, ಇನ್ನೊಂದು ತಮಾಷೆ: ಪಾಲ್ ಶ್ರೇಡರ್ ಮಾಡಿದ್ದು ಸ್ಟುಡಿಯೋಗೆ ಹಿಡಿಸದೆ, ರೆನ್ನಿ ಹಾರ್ಲಿನ್ ಕೈಲಿ ಮತ್ತೆ ತೆಗೆಸಿ 2004ರಲ್ಲಿ ಬಿಟ್ಟರು, ಮರುವರ್ಷ ಶ್ರೇಡರ್ ಅವರದೂ ಬಂತು. 2023ರದ್ದು ಹೆಸರಿಗಷ್ಟೇ ಎಕ್ಸಾರ್ಸಿಸ್ಟ್.