ಸರಾಸರಿಯನ್ನು ನಂಬಿ ಪಂಪ್ ಆರಿಸಬಹುದೇ?

ಆತ್ಮೀಯರೇ,

ದ್ರವ ಮಿಶ್ರಣಗಳ ಭೌತಿಕ ಗುಣಗಳನ್ನು ಅಂದಾಜು ಮಾಡುವ ವಿಧಾನಗಳ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಭಾಷೆ ತಿಳಿಯಾಗಿದೆ, ಸಮೀಕರಣಗಳೂ ಸರಿಯಾಗಿವೆ. ಆದರೆ ಯಾವ ಸಮೀಕರಣ ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೀವು ಎಲ್ಲಿಯೂ ಹೇಳಿಲ್ಲ. ಸ್ಥಾವರದ ವಿನ್ಯಾಸಕ್ಕೆ ಕುಳಿತವರಿಗೆ ಮೊದಲು ಬೇಕಾದದ್ದು ಅದೇ.

ನಿಮ್ಮ ಉದಾಹರಣೆಯನ್ನೇ ನೋಡಿ. ನೀರು ಮತ್ತು ಎಥನಾಲನ್ನು ಸಮತೂಕದಲ್ಲಿ ಬೆರೆಸಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಿಶ್ರಣದ ಸ್ನಿಗ್ಧತೆಯನ್ನು (ಹರಿವಿಗೆ ದ್ರವ ಒಡ್ಡುವ ತಡೆಯನ್ನು) ಅಣುಗಳ ಸಂಖ್ಯೆಯ ಪಾಲಿಗೆ ತಕ್ಕ ಲಾಗರಿದಮ್ ಸರಾಸರಿಯಿಂದ ಲೆಕ್ಕ ಹಾಕಿದ್ದೀರಿ. ನೀರಿನದು ಸುಮಾರು 1.0, ಎಥನಾಲಿನದು ಸುಮಾರು 1.2 ಮಿಲಿಪಾಸ್ಕಲ್ ಸೆಕೆಂಡ್. ನಿಮ್ಮ ಉತ್ತರ 1.05. ಅಳೆದರೆ ಸಿಗುವುದು 2.8ರ ಆಸುಪಾಸು! ಸರಾಸರಿ ಎಂಬುದು ಯಾವುದೇ ಆಗಲಿ, ಎರಡು ತುದಿಗಳ ನಡುವೆಯೇ ಉಳಿಯುತ್ತದೆ. ಈ ಮಿಶ್ರಣ ಹಾಗೆ ನಡುವೆ ಉಳಿಯುವುದಿಲ್ಲ, ಏಕೆಂದರೆ ಎರಡರ ಅಣುಗಳೂ ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ನಿಧಾನವಾದ ಪದರ ಹರಿವಿನಲ್ಲಿ ಒತ್ತಡದ ನಷ್ಟ ಸ್ನಿಗ್ಧತೆಗೆ ನೇರ ಅನುಪಾತದಲ್ಲಿರುತ್ತದೆ. ನಿಮ್ಮ ಅಂಕಿಯನ್ನು ನಂಬಿ ಪಂಪ್ ಆರಿಸಿದವರ ಗತಿಯೇನು? ಗ್ರುನ್‌ಬರ್ಗ್–ನಿಸ್ಸಾನ್ ಸಮೀಕರಣವನ್ನು ಹೆಸರಿಸಿ, ಅದರಲ್ಲಿರುವ ಪರಸ್ಪರ ಕ್ರಿಯೆಯ ಗುಣಾಂಕವನ್ನು, ಅಂದರೆ ಎರಡು ದ್ರವಗಳ ಅಣುಗಳ ನಡುವಿನ ಸೆಳೆತವನ್ನು ಆ ಸರಾಸರಿಯ ಲೆಕ್ಕಕ್ಕೆ ತರುವ ಸಂಖ್ಯೆಯನ್ನು, ಸೊನ್ನೆ ಮಾಡಿಬಿಟ್ಟಿದ್ದೀರಿ. ಆ ಸಮೀಕರಣದ ಜೀವವೇ ಅಲ್ಲಿದೆ. ನೀರಿರುವ ಮಿಶ್ರಣಗಳಿಗಂತೂ ಒಂದೇ ಗುಣಾಂಕ ಇಡೀ ವ್ಯಾಪ್ತಿಗೆ ಸಾಲದು, ಅಳೆದ ದತ್ತಾಂಶಕ್ಕೇ ಮೊರೆಹೋಗಬೇಕು.

ಸಾಂದ್ರತೆಗೆ ಇಷ್ಟು ಪುಟ ಬೇಡ. ಇದೇ ಮಿಶ್ರಣದಲ್ಲಿ, ಬೆರೆತಾಗ ಗಾತ್ರ ಕುಗ್ಗುವುದನ್ನು ಮರೆತರೂ ತಪ್ಪು ಶೇ 4ರೊಳಗೇ ಇರುತ್ತದೆ. ಪಂಪ್, ಕೊಳವೆಗಳ ಮೊದಲ ಲೆಕ್ಕಕ್ಕೆ ಅದು ನಡೆಯುತ್ತದೆ.

ಮಿಶ್ರಣದಲ್ಲಿ ಪ್ರತಿ ದ್ರವದ ಆವಿಯ ಒತ್ತಡ ಅದರ ಅಣುಗಳ ಪಾಲಿಗೆ ತಕ್ಕಷ್ಟು ಎನ್ನುವ ರೌಲ್ಟನ ನಿಯಮದ ಭಾಗ ಮಾತ್ರ ನನ್ನನ್ನು ಕಳವಳಕ್ಕೀಡುಮಾಡಿತು. ಬೆಂಜೀನ್–ಟಾಲ್ಯೂಯಿನ್ ಜೋಡಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಎಥನಾಲ್–ನೀರಿಗೆ ಹಚ್ಚಿದರೆ, ಕಾಗದದ ಮೇಲಿನ ಬಟ್ಟಿ ಗೋಪುರ ಶುದ್ಧ ಎಥನಾಲನ್ನೇ ಕೊಡುತ್ತದೆ; ನಿಜವಾದ ಗೋಪುರ ಸಾಮಾನ್ಯ ವಾಯುಭಾರದಲ್ಲಿ ತೂಕದ ಶೇ 95.6ರ ಸುಮಾರಿಗೆ ನಿಂತುಬಿಡುತ್ತದೆ. ಮಿಶ್ರಣ ಈ ನಿಯಮದಿಂದ ಎಷ್ಟು ದೂರ ಸರಿಯುತ್ತದೆ ಎಂದು ಲೆಕ್ಕ ಹಾಕುವ ಮಾದರಿಗಳಾದ ಎನ್‌ಆರ್‌ಟಿಎಲ್ ಮತ್ತು ಯೂನಿಫ್ಯಾಕ್‌ಗಳನ್ನು ಸರಿಸಮವೆಂದು ಬರೆದಿರುವುದೂ ಸರಿಯಲ್ಲ. 1975ರಲ್ಲಿ ಬಂದ ಯೂನಿಫ್ಯಾಕ್ ಅಣುಗಳ ಗುಂಪುಗಳಿಂದ ಊಹಿಸುತ್ತದೆ, ಅಳತೆಗಳು ಇಲ್ಲದಾಗ ಅದು ಆಸರೆ. ನಂಬಬಹುದಾದ ಅಳತೆಗಳಿದ್ದರೆ ಅವುಗಳಿಗೆ ಹೊಂದಿಸಿದ ಎನ್‌ಆರ್‌ಟಿಎಲ್ ಮೇಲು, ಆದರೆ ಹೊಂದಿಸಿದ ತಾಪ ಮತ್ತು ಒತ್ತಡದ ವ್ಯಾಪ್ತಿಯೊಳಗೆ ಮಾತ್ರ.

ನಿಮಗೆ ಬಿಡಿಸಿ ಹೇಳುವ ಶಕ್ತಿ ಇದೆ. ಅದಕ್ಕೇ ಇಷ್ಟು ಬರೆದೆ. ಪ್ರತಿ ವಿಧಾನದ ಪಕ್ಕದಲ್ಲೂ ಅಳೆದ ಒಂದು ಮೌಲ್ಯವನ್ನು, ಅದರ ತಾಪ ಮತ್ತು ಸಂಯೋಜನೆಯ ಸಮೇತ, ಕೊಟ್ಟು ತಿದ್ದಿ ಕಳುಹಿಸಿ. ಖಂಡಿತ ಓದುತ್ತೇನೆ.

ಸಂಪಾದಕ